ಇನ್ನೊಬ್ಬಳ ಕ್ಷಮೆ

ಸೊಂಟ ಬಾಗಿಸಿ ನಿಂತ ಮೊಚಿಜುಕಿ ಸಾನ್ ತಲೆ ಎತ್ತಲೇ ಇಲ್ಲ. ಎಪ್ಪತ್ತು ದಾಟಿದ ಅವರು ಜಪಾನಿನ ಹಮಾಮತ್ಸು ಊರಿನ ಆ ಪುಟ್ಟ ಚರ್ಚಿನ ಹಿರಿಯರು. ಭಾರತದಿಂದ ಬಂದು ನೆಲೆಸಿ, ಈಗ ಅವರ ಎದುರಿಗಿದ್ದ ರತ್ನಾಳ ಕೈಯಲ್ಲಿ ಪಾದ್ರಿಗಳು ಬರೆದುಕೊಟ್ಟ ಚೀಟಿಯಿತ್ತು. ವಿದೇಶಿ ಸಹೋದರರೆಲ್ಲರ ಪರವಾಗಿ ಕ್ಷಮಿಸಿದ್ದೇನೆ ಎಂದು ಓದಿದರೆ ಆಯಿತು.

ಮೂರು ವರ್ಷದ ಹಿಂದೆ, ಭೂಕಂಪವಾದ ವಾರ, ಉತ್ತರದ ತೊಹೊಕು ಪ್ರಾಂತದ ಸಂತ್ರಸ್ತರಿಗಾಗಿ ಚರ್ಚಿನವರು ಪೆಟ್ಟಿಗೆ ಕಟ್ಟುತ್ತಿದ್ದರು. ಕಾರ್ಖಾನೆಯಲ್ಲಿ ದುಡಿಯುವ ಬ್ರೆಜಿಲಿನ ಲೂಸಿಯಾ ಮನೆಯಲ್ಲೇ ಎರಡು ಡಬ್ಬಿ ಬಿಸ್ಕತ್ತು ಮಾಡಿ ತಂದಿದ್ದಳು. ನಿಮ್ಮಂಥವರ ಕೈಯದನ್ನು ಅಲ್ಲಿಯವರು ತಿನ್ನಲಿಕ್ಕಿಲ್ಲ ಎಂದು ಮೊಚಿಜುಕಿ ಸಾನ್ ನಯವಾಗಿಯೇ ಹೇಳಿ ಡಬ್ಬಿಗಳನ್ನು ಪಕ್ಕಕ್ಕಿಟ್ಟರು. ಲೂಸಿಯಾ ರತ್ನಾಳತ್ತ ನೋಡಿದಳು. ರತ್ನಾ ತಲೆ ತಗ್ಗಿಸಿ ಪೆಟ್ಟಿಗೆಗೆ ಟೇಪು ಅಂಟಿಸುತ್ತ ಹೋದಳು. ಆಮೇಲೆ ಲೂಸಿಯಾ ಬೆಳಗಿನ ಆರಾಧನೆಗೆ ಬರಲಿಲ್ಲ. ಮಧ್ಯಾಹ್ನ ಅದೇ ಸಭಾಂಗಣದಲ್ಲಿ ನಡೆಯುವ ಪೋರ್ಚುಗೀಸ್ ಆರಾಧನೆಗೆ ಸೇರಿಕೊಂಡಳು.

ಈಗ ಮುದುಕರಿಗೆ ಮನಸ್ಸು ಕೊರೆಯತೊಡಗಿತ್ತು. ಎಲ್ಲರೆದುರು ತಪ್ಪೊಪ್ಪಿಕೊಳ್ಳುತ್ತೇನೆಂದು ಅವರೇ ಕೇಳಿಕೊಂಡಿದ್ದರು. ಲೂಸಿಯಾ ಬರಲೊಲ್ಲೆ ಎಂದಳು. ಅವಳ ಬದಲಿಗೆ ಕ್ಷಮಿಸಲು ಪಾದ್ರಿಗಳು ರತ್ನಾಳನ್ನು ಹಿಡಿದರು.

ಬೆಳಿಗ್ಗೆ ಕಾರಿನಲ್ಲಿ ಅವಳು ಆಗಲ್ಲ ಅಂದಾಗ ಗಂಡ ಮೋಹನ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಒಂದ್ ಸೆಂಟೆನ್ಸ್ ಓದ್ಬಿಡು ರತ್ನಾ. ನಮ್ ಪರ್ಮನೆಂಟ್ ವೀಸಾಗೆ ಮೊಚಿಜುಕಿ ಸಾನೇ ಗ್ಯಾರಂಟರ್."

ಮುದುಕರು ಇನ್ನೂ ಬಾಗಿಯೇ ನಿಂತಿದ್ದರು. ಬಾಗಿದ ನೆತ್ತಿಯ ಬಿಳಿಗೂದಲನ್ನು ನೋಡಿ ಅವಳಿಗೆ ಅಯ್ಯೋ ಅನಿಸಿತು. ಚೀಟಿ ಮಡಿಸಿದಳು.

"ಅವತ್ತು ನಾನೂ ಅಲ್ಲಿದ್ದೆ," ಎಂದಳು ಜಪಾನಿಯಲ್ಲಿ. "ನಾನೂ ಸುಮ್ಮನಿದ್ದೆ. ಕ್ಷಮಿಸೋ ಹಕ್ಕು ನನಗಿಲ್ಲ."

ಪಾದ್ರಿಗಳು ಕಣ್ಣೊರೆಸಿಕೊಂಡು, ಎಂಥ ದೀನತೆ ಎಂದರು. ಮೊದಲು ಒಬ್ಬರು, ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮೊಚಿಜುಕಿ ಸಾನ್ ಅವಳ ಎರಡೂ ಕೈ ಹಿಡಿದು ಅರಿಗಾತೋ, ಅರಿಗಾತೋ ಎಂದು ಧನ್ಯವಾದ ಹೇಳುತ್ತ ಅತ್ತರು. ಬಿಡಿಸಿಕೊಳ್ಳಲು ಅವಳಿಂದಾಗಲಿಲ್ಲ. ಹಿಂದಿನ ಸಾಲಿನಲ್ಲಿ ಮೋಹನ ನಿರಾಳವಾಗಿ ನಗುತ್ತಿದ್ದ.

ಹೊರಗೆ ಪಾದರಕ್ಷೆಯ ಕಪಾಟಿನ ಬಳಿ ಬ್ರೆಜಿಲಿನವರು ಸಭಾಂಗಣ ಖಾಲಿಯಾಗಲೆಂದು ಕಾಯುತ್ತಿದ್ದರು. ಹಾಡಿನ ಪುಸ್ತಕಗಳನ್ನು ಎದೆಗವಚಿಕೊಂಡು ಲೂಸಿಯಾ ಮುಂದೆಯೇ ನಿಂತಿದ್ದಳು.

"ಮುಗೀತಾ?" ಎಂದು ಕೇಳಿದಳು.

ರತ್ನಾ ಇನ್ನೂ ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿದ್ದಳು. ಒಳಹೋಗುವವರಿಗೆ ಬಾಗಿಲು ಮುಚ್ಚಿಕೊಳ್ಳದಂತೆ ಅಂಗೈಯಿಂದ ಒತ್ತಿಹಿಡಿದು, ಗೋಡೆಗಂಟಿ ನಿಂತಳು. ಅವರು ಒಬ್ಬೊಬ್ಬರಾಗಿ ಅವಳನ್ನು ಸವರಿಕೊಂಡು ಒಳಗೆ ಹೋಗುತ್ತಲೇ ಇದ್ದರು.