ಪೆನ್ನಿಗೆ ಕೇಳಿಸದ ಹಾಗೆ

"ನಾಯಿಗೆ ಕೇಳಿಸಬಾರದು" ಎಂದ ಅಹ್ತಿ. ಅಂಗಡಿಯೊಳಗೆ ಬಂದು ಅವನಾಡಿದ ಮೊದಲ ಮಾತು ಅದು.

ಗಾಜಿನ ಮೇಜಿನಾಚೆ ನಿಂತಿದ್ದ ಮೆರ್ವಿ ಕೈಯಲ್ಲಿದ್ದ ಎಣ್ಣೆಬಟ್ಟೆಯನ್ನು ಕೆಳಗಿಟ್ಟಳು. ಆ ಸಣ್ಣ ಬಂದರಿನಲ್ಲಿ ಬಂದೂಕು ಮಾರುವ ಅಂಗಡಿ ಅವಳದೊಂದೇ.

"ಕಡವೆಗೆ ಕೇಳಿಸಬಾರದು ಅಂತ ಬರ್ತಾರೆ, ಪಕ್ಕದ ಮನೆಯವರಿಗೆ ಕೇಳಿಸಬಾರದು ಅಂತ ಬರ್ತಾರೆ. ನಾಯಿ ಹೆಸರು ಹೇಳ್ಕೊಂಡು ಬಂದವರು ನೀವೇ ಮೊದಲು ನೋಡಿ" ಎಂದಳು.

"ಅವನ ಮಾತು ಬಿಡಮ್ಮ, ಅವನಿಗೆ ಮಾತಾಡೋಕೆ ಉಳಿದಿರೋದೇ ಆ ನಾಯಿ" ಎಂದು ಕಾಫಿ ಯಂತ್ರದ ಪಕ್ಕದ ಕುರ್ಚಿಯಿಂದ ಉರ್ಪೊ ದನಿಗೂಡಿಸಿದ. ಉರ್ಪೊ ಅಹ್ತಿಯ ನೆರೆಯವನು. ಏನೂ ಕೊಳ್ಳದೆ ದಿನವಿಡೀ ಅಂಗಡಿಯಲ್ಲಿ ಕೂತಿರುವವನು.

ಅಹ್ತಿ ಪೊಲೀಸರು ಕೊಟ್ಟ ಪರವಾನಗಿಯನ್ನು ಮೇಜಿನ ಮೇಲಿಟ್ಟ. ಬೋನಿಗೆ ಬಿದ್ದ ಪ್ರಾಣಿಯನ್ನು ಮುಗಿಸಲು ಒಂದು ಸಣ್ಣ ಗುಂಡಿನ ಪಿಸ್ತೂಲು ಕೊಳ್ಳಬಹುದು ಎಂದು ಅದರಲ್ಲಿತ್ತು. ಪೆನ್ನಿ ಅವನ ಕಾಲ ಬಳಿ ಮಲಗಿತು. ಕಂದುಬಣ್ಣದ, ಮೂತಿ ಬೆಳ್ಳಗಾದ ಮುದಿ ಹೆಣ್ಣುನಾಯಿ.

ಬೋನುಗಳು ಅವನ ಹೆಂಡತಿ ಐಲಾಳವು. ಮನೆಯ ಹಿಂದೆ ಗದ್ದೆಬದುವಿನಂಥ ದಾರಿಯಲ್ಲಿ ಇಳಿದು ದೋಣಿಮನೆ ದಾಟಿದರೆ ಜೊಂಡು ತುಂಬಿದ ಕೊಲ್ಲಿ. ಅಲ್ಲಿ ಗೂಡು ಕಟ್ಟುವ ಬಾತುಗಳ ಮೊಟ್ಟೆಯನ್ನು ರಕೂನ್ ನಾಯಿಗಳು ಒಂದೂ ಬಿಡದೆ ತಿನ್ನುತ್ತವೆ. ಮುಖಕ್ಕೆ ಮಸಿ ಬಳಿದುಕೊಂಡಂತಿರುವ ಆ ಪ್ರಾಣಿಗಳನ್ನು ಐಲಾ ಪ್ರತಿ ವಸಂತದಲ್ಲಿ ಬೋನಿಟ್ಟು ಹಿಡಿಯುತ್ತಿದ್ದಳು. ಬೋನು ತೆರೆದಿಟ್ಟರೆ ದಿನಾ ಬೆಳಿಗ್ಗೆ ಹೋಗಿ ನೋಡಲೇಬೇಕು. ಹಾಗಂತ ಕಾನೂನೂ ಇತ್ತು, ಐಲಾಳ ಹಟವೂ ಇತ್ತು. ಪೆನ್ನಿ ಅವಳ ಜೊತೆ ಹೋಗುತ್ತಿತ್ತು. ಕಾಗದದ ಕಾರ್ಖಾನೆಯಿಂದ ನಿವೃತ್ತನಾದ ಅಹ್ತಿ ಅಡುಗೆಮನೆಯಲ್ಲಿ ಇರುತ್ತಿದ್ದ. ಕೊಲ್ಲಿಯ ಕಡೆಯಿಂದ ಅವಳ ಪಿಸ್ತೂಲಿನ ಪಟ್ ಎಂಬ ಸದ್ದು ಬಂದರೆ ಕಾಫಿಗೆ ನೀರಿಡುತ್ತಿದ್ದ. ಅವಳು ಬೂಟು ಕಳಚುವಷ್ಟರಲ್ಲಿ ಕಾಫಿ ಇಳಿದಿರುತ್ತಿತ್ತು. ಸದ್ದು ಬಾರದ ದಿನ ಅವಳು ಯಾವಾಗ ಬರುತ್ತಾಳೆಂದು ಗೊತ್ತಾಗದೆ, ಅಂದಾಜಿನಲ್ಲಿ ಇಳಿಸಿದ ಕಾಫಿ ತಣ್ಣಗಾಗುತ್ತಿತ್ತು. ಇಬ್ಬರೂ ಅದನ್ನೇ ಕುಡಿಯುತ್ತಿದ್ದರು.

ಹೋದ ಬೇಸಿಗೆಯಲ್ಲಿ ಐಲಾ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅಹ್ತಿ ಅಳಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಹೇಗಿರುತ್ತದೋ ಹಾಗೆ ಇದ್ದ. ಇದೆ ಎಂದು ಗೊತ್ತು, ಮುಟ್ಟಿದರೆ ಯಾರದೋ ತುಟಿ. ಶರತ್ಕಾಲದಲ್ಲಿ ಒಂದು ಬೋನು ತೆರೆದ. ಒಂದು ರಕೂನ್ ನಾಯಿ ಬಿತ್ತು. ಅವನ ಹತ್ತಿರ ಪರವಾನಗಿ ಇರಲಿಲ್ಲ, ಹಾಗಾಗಿ ಉರ್ಪೊ ತನ್ನ ರಿವಾಲ್ವರ್ ತಂದು ಗುಂಡು ಹೊಡೆದ. ಕೊಲ್ಲಿಯೇ ಒಡೆದುಹೋದಂಥ ಸದ್ದು. ಅದಾದ ಮೇಲೆ ಪೆನ್ನಿ ಗೇಟು ದಾಟಿ ಕೆಳಗೆ ಬರಲಿಲ್ಲ. ಅಹ್ತಿ ದಾರಿಯ ಮೇಲೆ ನಿಂತು ಕರೆದರೆ ಬೆನ್ನು ಹಾಕಿ ಕೂತೇ ಇರುತ್ತಿತ್ತು.

ಒಬ್ಬನೇ ಹೋಗಲು ಅವನು ನೋಡಿದ್ದ. ದೋಣಿಮನೆಯ ತನಕ ಕಾಲು ಹೋಗುತ್ತಿತ್ತು, ಆಮೇಲೆ ತಿರುಗುತ್ತಿತ್ತು. ಯಾಕೆಂದು ಅವನು ಕೇಳಿಕೊಳ್ಳಲಿಲ್ಲ. ಈಗ ಮಂಜುಗಡ್ಡೆ ಬಿರುಕು ಬಿಡುತ್ತಿತ್ತು, ಬಾತುಗಳು ಬರಲು ಹೆಚ್ಚು ದಿನ ಇರಲಿಲ್ಲ. ಪೆನ್ನಿ ಬಂದರೆ ಬೋನು ತೆರೆಯುತ್ತಾನೆ, ಬಾರದಿದ್ದರೆ ಇಲ್ಲ. ಪೆನ್ನಿ ಬರಬೇಕಾದರೆ ಸದ್ದಿರಬಾರದು. ಲೆಕ್ಕ ಅಷ್ಟು ಸರಳವಾಗಿತ್ತು.

"ರಿವಾಲ್ವರ್ ಕೊಡು. ಸುಲಭ ಅಂತಾರೆ. ಅದಕ್ಕೊಂದು ಸೈಲೆನ್ಸರ್ ಹಾಕ್ಕೊಡು" ಎಂದ.

ಉರ್ಪೊ ಹೋ ಎಂದು ನಕ್ಕ. ಮೆರ್ವಿ ನಗಲಿಲ್ಲ. "ಅಹ್ತಿಯವರೇ, ರಿವಾಲ್ವರಿನಲ್ಲಿ ಗುಂಡಿನ ಉರುಳೆಗೂ ನಳಿಗೆಗೂ ನಡುವೆ ಸಂದು ಇರತ್ತೆ. ಸದ್ದು ಅಲ್ಲೇ ಹೊರಗೆ ಬರತ್ತೆ. ಮುಂದೆ ಸೈಲೆನ್ಸರ್ ಹಾಕೋದು ಅಂದ್ರೆ ಮುಂಬಾಗಿಲು ಭದ್ರ ಮಾಡಿ ಹಿತ್ತಲ ಬಾಗಿಲು ತೆಗೆದಿಟ್ಟ ಹಾಗೆ."

"ಹಂಗಾದ್ರೆ ಐಲಾಳದ್ದು?"

ಐಲಾಳ ಪಿಸ್ತೂಲು ಅವಳು ಹೋದಾಗಿನಿಂದ ಇದೇ ಅಂಗಡಿಯ ಕಬ್ಬಿಣದ ಕಪಾಟಿನಲ್ಲಿತ್ತು. ಮೆರ್ವಿ ಅದನ್ನು ತಂದಿಟ್ಟಳು. ಹಿಡಿಗೆ ನೀಲಿ ಟೇಪು ಸುತ್ತಿತ್ತು, ಹೆಬ್ಬೆರಳು ಕೂರುವ ಕಡೆ ಟೇಪು ಸವೆದು ಮರ ಕಾಣುತ್ತಿತ್ತು. "ಇದರ ನಳಿಗೆ ತುದೀಲಿ ಸುರುಳಿ ಇಲ್ಲ. ಸೈಲೆನ್ಸರ್ ತಿರುಗಿಸಿ ಕೂರಿಸೋಕಾಗಲ್ಲ. ಕೊರೆಸಬಹುದು, ಆದ್ರೆ ಇಷ್ಟು ತೆಳು ನಳಿಗೇನ ಕೊರೀ ಅಂದ್ರೆ ನನ್ನ ಕೈ ಬರಲ್ಲ."

ಅಹ್ತಿ ಅದನ್ನು ಮುಟ್ಟಲಿಲ್ಲ.

ಮೆರ್ವಿ ಇನ್ನೆರಡು ತೆಗೆದಳು. ಒಂದು, ಹೊಡೆದಾಗ ತಾನೇ ಹಿಂದಕ್ಕೆ ಸರಿದು ಮುಂದಿನ ಗುಂಡು ತುಂಬಿಕೊಳ್ಳುವಂಥದು. ಇನ್ನೊಂದಕ್ಕೆ ಪ್ರತಿ ಸಲವೂ ಕೈಯಿಂದಲೇ ಗುಂಡು ಹಾಕಬೇಕು. "ಮೊದಲನೇದಕ್ಕೆ ಸೈಲೆನ್ಸರ್ ಹಾಕಿದರೂ ಕಬ್ಬಿಣ ಹಿಂದೆ ಮುಂದೆ ಹೋಗಿಬರೋ ಸದ್ದು ಉಳಿಯತ್ತೆ. ಎರಡನೇದ್ರಲ್ಲಿ ಅದೂ ಇಲ್ಲ. ಬೋನಿನ ಹತ್ರ ಒಂದಕ್ಕಿಂತ ಹೆಚ್ಚು ಗುಂಡು ಬೇಕಾಯ್ತು ಅಂದ್ರೆ ತಪ್ಪು ಪಿಸ್ತೂಲಿಂದಲ್ಲ."

"ಕೇಳಿಸ್ಕೊಂಡ್ಯೇನಯ್ಯಾ, ನಿನಗೇ ಹೇಳಿದ್ದು" ಎಂದ ಉರ್ಪೊ.

"ಅಲ್ಲ, ನಿಮಗೆ ಹೇಳಿದ್ದು. ಆವತ್ತು ಮೂರು ಹೊಡೆದ್ರಂತಲ್ಲ?"

ಉರ್ಪೊ ಏಲಕ್ಕಿ ಬನ್ನಿನ ಕಡೆ ಕೈ ಚಾಚಿದ.

ಕೆಳಗೆ ನೆಲಮಾಳಿಗೆಯಲ್ಲಿ ಮರಳು ತುಂಬಿದ ಪೆಟ್ಟಿಗೆಗೆ ಹೊಡೆದು ನೋಡುವ ಜಾಗವಿತ್ತು. ಪೆನ್ನಿ ಮೆಟ್ಟಿಲ ತಲೆಯಲ್ಲಿ, ತೆರೆದ ಬಾಗಿಲ ಬಳಿ ಮಲಗಿತು. ಅದಕ್ಕೆ ಕೇಳಿಸುತ್ತದೋ ಇಲ್ಲವೋ ನೋಡುವುದಕ್ಕೇ ಬಂದದ್ದು, ಹಾಗಾಗಿ ಬಾಗಿಲು ಹಾಕಲಿಲ್ಲ. ಮೆರ್ವಿ, ಅಹ್ತಿ ಇಬ್ಬರೂ ಇಳಿದು ಕಿವಿಗೆ ಮುಚ್ಚಳವಿಟ್ಟುಕೊಂಡರು. ಮೆರ್ವಿ ಮೊದಲು ತಾನೇ ತುಂಬಿಕೊಳ್ಳುವ ಪಿಸ್ತೂಲಿಗೆ ಸೈಲೆನ್ಸರ್ ಹಾಕಿ ಹೊಡೆದಳು. ಯಾರೋ ಪುಸ್ತಕವನ್ನು ಪಟಕ್ಕನೆ ಮುಚ್ಚಿದ ಹಾಗಾಯಿತು. ಪೆನ್ನಿ ಅಲುಗಲಿಲ್ಲ. ಎರಡನೆಯದನ್ನೂ ಹಾಗೇ ಹೊಡೆದಳು. ಅದು ಅದಕ್ಕೂ ಕಡಿಮೆ, ಸೀಸೆಯ ಬಿರಡೆ ತೆಗೆದಷ್ಟು. ಪೆನ್ನಿ ಮುಂಗಾಲು ನೆಕ್ಕಿಕೊಂಡಿತು.

"ಇದೇ ಆಯ್ತು" ಎಂದ ಅಹ್ತಿ. ಸಮಾಧಾನವಾಗಬೇಕಿತ್ತು. ಆಗಿರಬಹುದು ಎಂದುಕೊಂಡ.

"ಸೈಲೆನ್ಸರ್ ಇಲ್ಲದೆ ಎಷ್ಟು ಸದ್ದು ಅಂತ ಒಂದ್ಸಲ ಕೇಳಿ. ಏನು ತಗೊಳ್ತಿದೀರಿ ಅಂತ ಗೊತ್ತಿರಲಿ." ಮೆರ್ವಿ ಸೈಲೆನ್ಸರ್ ತಿರುಗಿಸಿ ತೆಗೆದಳು. ಅಹ್ತಿ ಬೇಡ ಎನ್ನುವುದರೊಳಗೆ ಹೊಡೆದೇಬಿಟ್ಟಳು.

ಮುಚ್ಚಳದೊಳಗೂ ಅದು ತಲೆಗೆ ಬಡಿಯಿತು. ಮೇಲೆ ಕುರ್ಚಿ ಉರುಳಿತು. "ಲೋ ಅನಿಷ್ಟ! ಬಾಗಿಲು ಹಾಕ್ಕೊಳ್ರೋ! ಚಡ್ಡಿಯೆಲ್ಲ ಕಾಫಿ!" ಎಂದು ಉರ್ಪೊ ಕೂಗುತ್ತ ಮೆಟ್ಟಿಲ ತಲೆಗೆ ಬಂದ. ಅವನ ಕಾಲ ಬಳಿ ಪೆನ್ನಿ ಅದೇ ಮುಂಗಾಲನ್ನು ನೆಕ್ಕುತ್ತಿತ್ತು.

ಮೂವರೂ ನಾಯಿಯನ್ನು ನೋಡಿದರು. ಉರ್ಪೊ ಬಗ್ಗಿ ಅದರ ಕಿವಿಯ ಹಿಂದೆ ಎರಡು ಕೈ ಸೇರಿಸಿ ಚಟೀರೆಂದು ತಟ್ಟಿದ. ಪೆನ್ನಿ ಆಕಳಿಸಿತು.

"ಮಾರಾಯ" ಎಂದ ಉರ್ಪೊ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಇವಳಿಗೆ ಕಿವೀನೇ ಕೇಳಿಸಲ್ಲ ಕಣೋ. ನಿನಗೆ ಗೊತ್ತಿರಲಿಲ್ವೇನೋ?"

ಅಹ್ತಿಗೆ ಗೊತ್ತಿರಲಿಲ್ಲ. ಯಾವಾಗಿನಿಂದ ಎಂದು ಯೋಚಿಸಿದ. ಆ ರಿವಾಲ್ವರಿನ ದಿನವೋ, ಅದಕ್ಕೂ ಮೊದಲೋ, ವಯಸ್ಸಿನಿಂದಲೋ. ಮನೆಯಲ್ಲಿ ಅವನು ಮಾತಾಡುತ್ತಿರಲಿಲ್ಲ. ರೇಡಿಯೊ ಹಾಕುತ್ತಿರಲಿಲ್ಲ. ತಟ್ಟೆ ಇಟ್ಟರೆ ಪೆನ್ನಿ ವಾಸನೆಗೆ ಬರುತ್ತಿತ್ತು. ಕಿವುಡು ನಾಯಿಯೂ ಕೇಳುವ ನಾಯಿಯೂ ಬೇರೆಬೇರೆ ಎಂದು ತೋರಿಸಿಕೊಡುವ ಒಂದು ಸದ್ದೂ ಚಳಿಗಾಲವಿಡೀ ಆ ಮನೆಯಲ್ಲಿ ಆಗಿರಲಿಲ್ಲ. ಗೇಟಿನ ಬಳಿ ಬೆನ್ನು ಹಾಕಿ ಕೂತದ್ದು ಹೆದರಿಕೆಯಿಂದಲ್ಲ. ಅವನು ಕರೆದದ್ದು ಅದಕ್ಕೆ ಗೊತ್ತೇ ಆಗಿರಲಿಲ್ಲ.

ಮೆರ್ವಿ ಕಿವಿಯ ಮುಚ್ಚಳ ತೆಗೆದಳು. "ನೋಡಿ, ವ್ಯಾಪಾರದ ಮಾತು ಬಿಟ್ಟು ಹೇಳ್ತೀನಿ. ನಿಮಗೀಗ ಸೈಲೆನ್ಸರ್ ಬೇಕಿಲ್ಲ. ಐಲಾಳದ್ದನ್ನೇ ನಿಮ್ಮ ಹೆಸರಿಗೆ ಮಾಡ್ಕೊಳ್ಳಿ. ಒಳ್ಳೆ ಪಿಸ್ತೂಲು. ಅವಳ ಕೈಗೆ ಪಳಗಿದ್ದು."

ಅವರು ಮೇಲೆ ಬಂದರು. ನೀಲಿ ಟೇಪಿನ ಪಿಸ್ತೂಲು ಮೇಜಿನ ಮೇಲೆ ಇಟ್ಟಲ್ಲೇ ಇತ್ತು. ಅಹ್ತಿ ಈಗ ಅದನ್ನು ಕೈಗೆ ತೆಗೆದುಕೊಂಡ. ಸವೆದ ಜಾಗದಲ್ಲಿ ಅವನ ಹೆಬ್ಬೆರಳು ಕೂರಲಿಲ್ಲ, ಅವಳ ಕೈ ಚಿಕ್ಕದು. ಇದನ್ನು ಹೊಡೆದರೆ ಆ ಪಟ್ ಎಂಬ ಸದ್ದು ಕೊಲ್ಲಿಯಿಂದ ಮೇಲೇರಿ, ಗೇಟು ದಾಟಿ, ಅಡುಗೆಮನೆಯ ಕಿಟಕಿಯ ತನಕ ಹೋಗುತ್ತದೆ. ಅಲ್ಲಿ ಅದನ್ನು ಕೇಳಿ ಯಾರೂ ಕಾಫಿಗೆ ಒಲೆ ಹಚ್ಚಿರುವುದಿಲ್ಲ.

"ಸೈಲೆನ್ಸರಿಂದೇ ಕೊಡು. ಒಂದೇ ಗುಂಡಿಂದು" ಎಂದ.

"ಅಲ್ಲಯ್ಯಾ, ಯಾರಿಗೋಸ್ಕರ? ನಾಯಿಗೆ ಕೇಳಿಸಲ್ಲ ಅಂತ ಈಗ ತಾನೇ..."

"ಮನೇಲಿ ಕೇಳಿಸ್ಕೊಳ್ಳೋರು ಯಾರೂ ಇಲ್ಲ ಉರ್ಪೊ."

ಮೆರ್ವಿ ಕೈಯಿಂದ ಗುಂಡು ಹಾಕುವ ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗಿಟ್ಟಳು, ಸೈಲೆನ್ಸರನ್ನು ಬೇರೆಯಾಗಿ. ಐಲಾಳದ್ದನ್ನು ಮರಳಿ ಕಪಾಟಿಗೆ ಒಯ್ದಳು. "ಇದು ಇಲ್ಲೇ ಇರಲಿ. ನಾನು ಮಾರಲ್ಲ" ಎಂದಳು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಪಿಸ್ತೂಲನ್ನು ಒಳಗೆ ಬೀಗ ಹಾಕಿಟ್ಟು ಅಹ್ತಿ ಗೇಟಿನ ಬಳಿ ಬಂದ. ಬೋನಿನ ಬಾಗಿಲು ತೆರೆದಿಟ್ಟು ಬರಲು ಪಿಸ್ತೂಲು ಬೇಕಿರಲಿಲ್ಲ, ಒಣಮೀನು ಸಾಕು. ಪೆನ್ನಿ ಎಂದಿನಂತೆ ರಸ್ತೆಗೆ ಮುಖಮಾಡಿ ಕೂತಿತ್ತು. ಅವನು ಕರೆಯಲಿಲ್ಲ. ಹತ್ತಿರ ಹೋಗಿ ಪಕ್ಕೆಗೆ ಕೈಯಿಟ್ಟ. ಪೆನ್ನಿ ಬೆಚ್ಚಿ ತಿರುಗಿ ಅವನ ಮುಖ ನೋಡಿತು, ಮೀನಿನ ಚೀಲ ನೋಡಿತು, ಎದ್ದಿತು.

ದಾರಿಯಲ್ಲಿ ಹಿಮ ಅರ್ಧ ಕರಗಿ ಕೊಚ್ಚೆಯಾಗಿತ್ತು. ಪೆನ್ನಿ ಮೊದಲು ಅವನ ಹಿಮ್ಮಡಿಗೆ ಅಂಟಿಕೊಂಡು ಬಂತು. ಆಮೇಲೆ ಪಕ್ಕಕ್ಕೆ ಬಂತು. ಆಮೇಲೆ ಏನೋ ವಾಸನೆ ಹಿಡಿದು ಮುಂದೆ ಹೋಯಿತು.

ದೋಣಿಮನೆಯ ಹತ್ತಿರ ಅಹ್ತಿಯ ಕಾಲು ನಿಂತಿತು. ಇಷ್ಟೇ ಸಾಕು ಎನ್ನಿಸಿತು. ನಾಳೆ ಬಂದರಾಯಿತು. ಪೆನ್ನಿ ಆಗಲೇ ಜೊಂಡಿನ ಅಂಚು ತಲುಪಿ ಮೂಗು ನೆಲಕ್ಕಿಟ್ಟು ಬೋನಿನ ಕಡೆ ನಡೆದಿತ್ತು, ತಿರುಗಿ ನೋಡದೆ. "ಪೆನ್ನಿ" ಎಂದ. ಅವನ ದನಿ ಅವನಿಗೇ ಒರಟಾಗಿ ಕೇಳಿಸಿತು. ಇನ್ನೂ ಜೋರಾಗಿ, "ಪೆನ್ನೀ!" ಎಂದ. ಕೊಲ್ಲಿಯ ಮಂಜುಗಡ್ಡೆ ಎಲ್ಲೋ ಲಟಲಟ ಎಂದಿತು.

ಬಾಲ ಮಾತ್ರ ಕಾಣುತ್ತಿತ್ತು. ಕರೆದು ವಾಪಸು ಬರಿಸುವಂತಿರಲಿಲ್ಲ. ಅಹ್ತಿ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ನಾಯಿಯ ಹಿಂದೆ ಹೋದ.