ಕಡಲಿನ ಕಡೆಗೆ ಹಾಸಿದ ಚಾಪೆ

ಗಾಳಿಯಲ್ಲಿ ಏಲಕ್ಕಿಯ ವಾಸನೆ, ಪಕ್ಕದಲ್ಲಿ ಕೂತ ಅರಬ್ಬರ ಕಾವಾ ಕಾಫಿಯದ್ದು, ಶುಕ್ರವಾರ ಸೌದಿಯ ಈ ಅಲ್ ಖೋಬರಿನ ಕಡಲ ದಂಡೆಗೆ ಬಂದರೆ ಈ ವಾಸನೆ ಇರಲೇಬೇಕು, ಮುಂದಿನ ಶುಕ್ರವಾರ ತನಗಿದು ಇಲ್ಲ ಅಂದುಕೊಂಡಳು ಹಲೀಮತ್ — ನಾಳೆ ಅವಳೂ ಮಕ್ಕಳೂ ಊರಿಗೆ, ಎಂಬತ್ತಾರನೇ ಇಸವಿ ಹುಟ್ಟುತ್ತಲೇ ಎಣ್ಣೆಯ ಬೆಲೆ ಬಿತ್ತು, ಕಂಪೆನಿ ಸಂಸಾರದ ಮನೆ ವಾಪಸು ಕೇಳಿತು, ಗಂಡ ಅಬ್ದುಲ್ ಜಲೀಲ್ ಮಾತ್ರ ಇಲ್ಲೇ, ಗಂಡಸರ ಕ್ಯಾಂಪಿಗೆ, ಆದರೂ ಈ ಮನುಷ್ಯನ ಬಾಯಿಂದ ಬೇಸರದ ಒಂದು ಮಾತಿಲ್ಲ, ವಾರವಿಡೀ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ ಸಿಳ್ಳೆ, ಹೋಗಿ ಆರಾಮದಲ್ಲಿ ಇರು ಮಾರಾಯ್ತಿ, ಅಲ್ಲಿ ನಿನಗೆ ಎಂತ ಕಡಿಮೆ ಉಂಟು, ಕಡಿಮೆ ಏನೆಂದು ಬಾಯಿಬಿಟ್ಟು ಹೇಳಬೇಕೇ, ಕಲ್ಲು ಮನಸ್ಸು, ಅವಳಿಗೆ ಒಳಗೊಳಗೇ ಉರಿಯುತ್ತದೆ, ಏ ಮಕ್ಕಳೇ, ಚಪ್ಪಲಿ ಒದ್ದೆ ಮಾಡಬೇಡಿ, ಪೆಟ್ಟಿಗೆಗೆ ಹಾಕಲಿಕ್ಕುಂಟು — ಇಲ್ಲಿಗೆ ಬಂದ ಮೊದಲ ಶುಕ್ರವಾರ ಅವಳೂ ಹೀಗೇ ಕಾಲು ಒದ್ದೆ ಮಾಡಿಕೊಂಡು ಕೂತಿದ್ದಳು, ಸೂರ್ಯ ಮುಳುಗುವುದನ್ನು ನೋಡದೆ ಏಳುವುದಿಲ್ಲವೆಂದು ಹಟ, ಸೂರ್ಯ ಕಡಲಿಗೇ ಮುಳುಗುವ ಉಳ್ಳಾಲದವಳಲ್ಲವೇ, ಕಡಲನ್ನೇ ನೋಡುತ್ತ ಕಾದಳು, ಕಾದಳು, ಸಂಜೆಯ ಮಗ್ರಿಬ್ ನಮಾಝಿನ ಬಾಂಗೇ ಆಗಿಹೋಯಿತು, ಸೂರ್ಯ ಎಲ್ಲಿ, ನಿನ್ನ ಬೆನ್ನ ಹಿಂದೆ ಮುಳುಗಿಯಾಯ್ತು ಮಾರಾಯ್ತಿ, ಇಲ್ಲಿ ಕಡಲು ಇರುವುದು ಮೂಡಕ್ಕೆ, ಅಂದರು ಗಂಡ, ಅಷ್ಟು ಕೇಳಿಯೂ ಬುದ್ಧಿ ಬರಬೇಕಲ್ಲ, ನಮಾಝಿನ ಚಾಪೆಯನ್ನೂ ಕಡಲಿನ ಕಡೆಗೇ ಹಾಸಿದಳು, ಊರಿನಲ್ಲಿ ಮಕ್ಕಾ ಎಂದರೆ ಆ ನೀರಿನಾಚೆ, ಇಲ್ಲಿ ಮರಳಿನಾಚೆ, ಕಡಲಿಗೆ ಬೆನ್ನು ಹಾಕಿ ನಿಲ್ಲಬೇಕು, ಅವರು ನಗು ತಡೆದುಕೊಂಡು ಚಾಪೆಯ ಮೂಲೆ ಹಿಡಿದು ಮೆಲ್ಲಗೆ ತಿರುಗಿಸಿದರು, ಆ ಕೈ, ಅವತ್ತೇ ಅವಳಿಗೆ ಆ ಕೈಯ ಮೇಲೆ ಪ್ರೀತಿ ಬಂದದ್ದು, ಆಮೇಲೆ ಎಷ್ಟು ಶುಕ್ರವಾರಗಳು, ತಿನ್ನಲು ಬೆಲ್ಲದ ಕಲ್ತಪ್ಪ, ಫ್ಲಾಸ್ಕಿನ ಚಾ, ತೆಂಗಿನ ಮರವಿಲ್ಲ, ಅಲೆಗೆ ಸದ್ದೇ ಇಲ್ಲ, ಇದೂ ಒಂದು ಕಡಲಾ ಎಂದು ಹಳಿಯುತ್ತಿದ್ದವಳು ಯಾವಾಗ ಇದನ್ನು ನಮ್ಮ ಕಡಲು ಅಂದಳೋ ಅವಳಿಗೇ ಗೊತ್ತಿಲ್ಲ.

ಇವತ್ತಿನ ಬಾಂಗ್. ಅಬ್ದುಲ್ ಜಲೀಲ್ ಚಾಪೆ ಕೊಡವಿ ಹಾಸಿದರು, ಕಡಲಿನ ಕಡೆಗೆ. ಎಂತ ಇದು, ಆ ಕಡೆಯಾ, ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಗಲು ಹೊರಟವಳು ಅವರ ಮುಖ ನೋಡಿದಳು, ತಮಾಷೆಯಲ್ಲ, ವರ್ಷಗಟ್ಟಲೆ ಇಲ್ಲಿ ಐದು ಹೊತ್ತು ನಿಂತ ಮನುಷ್ಯ ಇವತ್ತು ಊರಿನಲ್ಲಿ ಹಾಸುವ ಹಾಗೆ ಹಾಸಿದ್ದಾರೆ, ನಾಳೆ ಹೊರಡುವವಳು ತಾನು, ಇವರು ಆಗಲೇ ಹೋಗಿ ಉಳ್ಳಾಲದ ಮರಳಿನಲ್ಲಿ ನಿಂತಿದ್ದಾರೆ, ಯಾ ಅಲ್ಲಾಹ್, ಇವರನ್ನೇ ಕಲ್ಲು ಅಂದೆನಲ್ಲ, ಅವರು ಬಗ್ಗಿ ಮೂಲೆ ಹಿಡಿದಿದ್ದಾರೆ, ತಿರುಗಿಸುತ್ತಿಲ್ಲ, ಹಿಡಿದೇ ಇದ್ದಾರೆ, ಚಾಪೆಯ ಮೂಲೆ, ಆ ಕೈ —