ಲೀಲಾ ಆಂಟಿಯ ತಿಜೋರಿಯಲ್ಲಿ ಎಂಟು ಗಂಟು

ಲೀಲಾ ಆಂಟಿ ತೀರಿಕೊಂಡ ಸುದ್ದಿ ಬಂದಾಗ ವಸುಂಧರಾ ಅತ್ತಳು. ಅದರಲ್ಲಿ ಸುಳ್ಳಿಲ್ಲ. ಎರಡನೆಯ ಸಲ ಮೂಗೊರೆಸಿಕೊಳ್ಳುವಾಗ ಮಾತ್ರ ತಿಜೋರಿಯ ನೆನಪಾಯಿತು. ಅಳು ಅಲ್ಲಿಗೇ ನಿಂತಿತು. ಹೆಣ ಎತ್ತುವ ಮುಂಚೆಯೇ ಒಡವೆಯ ಚಿಂತೆ ಮಾಡುವ ಪಾಪಿ ತಾನೊಬ್ಬಳೇ ಎಂದುಕೊಂಡಳು. ಹಾಗೇನೂ ಇರಲಿಲ್ಲ. ಆ ಹೊತ್ತಿಗೆ ಆಕ್ಲೆಂಡಿನ ಇನ್ನೂ ಆರು ಮನೆಗಳಲ್ಲಿ ಆರು ಹೆಂಗಸರು ಮೂಗೊರೆಸಿಕೊಳ್ಳುತ್ತ ಅದೇ ತಿಜೋರಿಯನ್ನು ನೆನೆಯುತ್ತಿದ್ದರು.

ಸ್ಯಾಂಡ್ರಿಂಗಮ್ ಬಡಾವಣೆಯ ಹಳೆಯ ಮರದ ಮನೆಯೊಂದರಲ್ಲಿ ಆಂಟಿ ಒಬ್ಬರೇ ಇದ್ದರು. ಗಂಡ ಹೋಗಿ ಇಪ್ಪತ್ತು ವರ್ಷವಾಗಿತ್ತು; ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾಗಿದ್ದರು. ಭಾರತದವರ ಮನೆಯಲ್ಲಿ ಅಕ್ಕಿ ಡಬ್ಬಕ್ಕೆ ಕೈ ಹಾಕಿದರೆ ಚಿನ್ನ ಸಿಗುತ್ತದೆ ಎಂದು ಇಲ್ಲಿನ ಕಳ್ಳರಿಗೂ ಗೊತ್ತಾಗಿಬಿಟ್ಟ ವರ್ಷ, ಅವರು ಮಲಗುವ ಕೋಣೆಯ ನೆಲಕ್ಕೆ ಬೋಲ್ಟ್ ಹೊಡೆಸಿ ಒಂದು ಉಕ್ಕಿನ ತಿಜೋರಿ ಕೂರಿಸಿದರು. "ನಂದು ಅಂತ ಇರೋದು ನಾಲ್ಕು ಬಳೆ. ಇಷ್ಟು ದೊಡ್ಡ ಪೆಟ್ಟಿಗೆ ಖಾಲಿ ಇದ್ದು ಏನ್ಮಾಡ್ಬೇಕು? ತಂದಿಡಿ" ಎಂದರು. ಏಳು ಮನೆಯವರು ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದಿಟ್ಟರು. ರಸೀದಿ ಇಲ್ಲ, ಪಟ್ಟಿ ಇಲ್ಲ. ಲೀಲಾ ಆಂಟಿಯ ಹತ್ತಿರ ರಸೀದಿ ಕೇಳುವುದೆಂದರೆ ದೇವರ ಹತ್ತಿರ ಗುರುತಿನ ಚೀಟಿ ಕೇಳಿದ ಹಾಗೆ.

ಉಳಿದವರ ಚಿಂತೆ ಚಿನ್ನ ಸಿಗುತ್ತದೋ ಇಲ್ಲವೋ ಎಂಬುದಾದರೆ, ವಸುಂಧರೆಯ ಚಿಂತೆ ಬೇರೆ. ಅವಳ ಗಂಟಿನಲ್ಲಿ ಚಿನ್ನವೇ ಇರಲಿಲ್ಲ.

ಇದ್ದದ್ದು ಒಂದು ಅವಲಕ್ಕಿ ಸರದ ನಕಲು. ಅಸಲಿಯದು ಮದುವೆಯಲ್ಲಿ ಚಿತ್ರದುರ್ಗದ ಅತ್ತೆ ತಮ್ಮ ಕೊರಳಿನಿಂದ ತೆಗೆದು ಅವಳಿಗೆ ಹಾಕಿದ ಹನ್ನೆರಡು ತೊಲದ ಸರ. ಎರಡು ಸಾವಿರದ ಒಂಬತ್ತರಲ್ಲಿ ಗಂಡ ತಿಪ್ಪೇಸ್ವಾಮಿಯ ಕೆಲಸ ಹೋಯಿತು. ಮನೆಸಾಲದ ಕಂತು ನಿಂತರೆ ಮನೆ ಬ್ಯಾಂಕಿನ ಪಾಲು. ವಸುಂಧರಾ ಮನೆಯಲ್ಲಿ ಯಾರಿಗೂ ಹೇಳದೆ ಸರ ಮಾರಿ ಮೂರು ಕಂತು ಕಟ್ಟಿದಳು. "ನಮ್ಮಣ್ಣ ಕಳಿಸ್ದ" ಎಂದು ಗಂಡನಿಗೆ ಹೇಳಿದಳು. ಆಮೇಲೆ ಮದುವೆಯ ಫೋಟೋ ಕಳಿಸಿ, ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತಂಗಿಯ ಕೈಲಿ ಅದೇ ನಮೂನೆಯದೊಂದು ಒನ್ ಗ್ರಾಂ ಗೋಲ್ಡ್ ಸರ ಮಾಡಿಸಿ ತರಿಸಿಕೊಂಡು, ಲೀಲಾ ಆಂಟಿಯ ತಿಜೋರಿ ಸೇರಿಸಿಬಿಟ್ಟಳು. ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಬರುವ ಜನವರಿಯಲ್ಲಿ ಮಗಳು ಮಾನ್ಯಳ ಮದುವೆ. "ಅವ್ವನ ಸರ ಹಾಕ್ಕೊಂಡೇ ಮಾನ್ಯ ಧಾರೆಗೆ ನಿಲ್ಲಬೇಕು" ಎಂದು ತಿಪ್ಪೇಸ್ವಾಮಿ ಆರು ತಿಂಗಳಿಂದ ಹೇಳುತ್ತಲೇ ಇದ್ದ.

ತಿಥಿ ಮುಗಿದ ಮಾರನೆಯ ದಿನ ಬೆಂಕಿಗೆ ತುಪ್ಪ ಸುರಿದವರು ಆ ಏಳು ಮನೆಯವರಲ್ಲೊಬ್ಬರಾದ ಚಂದ್ರಮೌಳಿ ಅಂಕಲ್. ಇಂಗ್ಲೆಂಡಿನಲ್ಲಿ ಹನ್ನೆರಡು ವರ್ಷ ಇದ್ದು ಬಂದವರು. ಅವರಿಗೆ ಗೊತ್ತಿಲ್ಲದ ಕಾನೂನು ಇನ್ನೂ ಹುಟ್ಟಿರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಅವರು ಬರೆದದ್ದು ಹೀಗೆ: ಸತ್ತವರ ಮನೆಯಲ್ಲಿ ಸಿಕ್ಕಿದ್ದೆಲ್ಲ ಸತ್ತವರದ್ದೇ ಎಂದು ಲೆಕ್ಕ, ಅದಕ್ಕೆ ನೂರಕ್ಕೆ ನಲವತ್ತು ಪಿತ್ರಾರ್ಜಿತ ತೆರಿಗೆ, ಎಲ್ಲರೂ ಎಚ್ಚರದಿಂದಿರಿ.

ಆಂಟಿಯ ಮಗ ಯಶಸ್ ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿಯಲ್ಲಿ ಗೋದಾಮಿನ ಮ್ಯಾನೇಜರು. ಉಯಿಲು ಜಾರಿ ಮಾಡುವ ಹೊಣೆ ಅವನದು. ಇಲ್ಲೇ ಹುಟ್ಟಿದವನು, ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಇಂಗ್ಲಿಷೇ. ಅವನು ವಕೀಲರನ್ನು ಕೇಳಿದ. ಆಸ್ತಿ ಅವನಿಗೂ ಮೆಲ್ಬೋರ್ನಿನ ತಂಗಿಗೂ ಸಮಪಾಲು ಆಗಬೇಕಾದ್ದರಿಂದ ತಿಜೋರಿಯಲ್ಲಿರುವ ಒಂದೊಂದನ್ನೂ ತೂಗಿ, ಒರೆ ಹಚ್ಚಿ, ಬೆಲೆ ಕಟ್ಟಿಸಿ ಪಟ್ಟಿ ಮಾಡಬೇಕು. ಬೇರೆಯವರದು ಏನಿದ್ದರೂ ಅವರು ಬಂದು ಗುರುತಿಸಿ, ಸಹಿ ಹಾಕಿ ಒಯ್ಯಬೇಕು ಎಂದರು ಅವರು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಬೆಲೆ ಕಟ್ಟುವವರು ಬರುತ್ತಾರೆಂದು ಯಶಸ್ ಎಲ್ಲರಿಗೂ ತಿಳಿಸಿದ.

ಗುರುವಾರವೇ ವಸುಂಧರಾ ಒಂದು ಡಬ್ಬ ಬಿಸಿಬೇಳೆ ಬಾತ್ ಹಿಡಿದು ಸ್ಯಾಂಡ್ರಿಂಗಮ್ ರಸ್ತೆಯ ಬಸ್ಸು ಹತ್ತಿದಳು. ತಾಯಿಯ ಮನೆಯಲ್ಲೇ ಉಳಿದುಕೊಂಡಿದ್ದ ಯಶಸ್ ಎರಡು ಸಲ ಹಾಕಿಸಿಕೊಂಡು ತಿಂದ. ಮೂರನೆಯ ಸಲ ಬಡಿಸುವಾಗ ಅವಳು ಮೆಲ್ಲಗೆ ಬಾಯಿಬಿಟ್ಟಳು.

"ಯಶಸ್, ನನ್ನದು ಒಂದೇ ಒಂದು ಸರ ಕಣಪ್ಪ. ಹಸಿರು ಕರ್ಚೀಫು. ಅದನ್ನ ಈಗ್ಲೇ ಕೊಟ್ಬಿಟ್ರೆ ಶನಿವಾರ ನಿನಗೂ ಒಂದು ತಲೆನೋವು ಕಮ್ಮಿ."

"ಸಾರಿ ಆಂಟಿ, ಐ ಕಾಂಟ್" ಎಂದ ಯಶಸ್, ನಿಜವಾಗಿಯೂ ನೊಂದುಕೊಂಡು. ಆಮೇಲೆ ಅವಳಿಗೆ ಬೇಸರವಾಯಿತೆಂದು, ಬಾರದ ಕನ್ನಡ ತಡಕಾಡಿ, "ನಿನ್ನೆ ವಂದನಾ ಆಂಟಿ ಕೂಡ ಕೇಳಿದ್ರು. ಪುಳಿಯೋಗರೆ ತಂದಿದ್ರು" ಎಂದ. ಗಂಟು ಇಟ್ಟವರಲ್ಲಿ ವಂದನಾಳೂ ಒಬ್ಬಳು; ವಸುಂಧರೆಗೆ ಆ ಮಾತಿನ ಒಳಗುಟ್ಟು ಅಲ್ಲೇ ಹೊಳೆಯಬೇಕಿತ್ತು. ಭಯ ಹಿಡಿದವರಿಗೆ ಬುದ್ಧಿ ಎಲ್ಲಿಂದ ಬರಬೇಕು?

ಶನಿವಾರ ಹುಷಾರಿಲ್ಲವೆಂದು ಮನೆಯಲ್ಲೇ ಉಳಿಯುವ ಯೋಚನೆಯೂ ನಡೆಯಲಿಲ್ಲ. ತಿಪ್ಪೇಸ್ವಾಮಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಳಗಾಗುತ್ತಲೇ ತಯಾರಾಗಿದ್ದ. "ಅವ್ವನ ಸರಾನ ಒಂದ್ಸಲ ಕಣ್ತುಂಬ ನೋಡ್ಬೇಕು ಕಣೆ" ಎಂದ. ಕಾರಿನಲ್ಲಿ ವಸುಂಧರಾ ಮೂರು ಸಲ ಬಾಯಿ ತೆರೆದಳು, ಮೂರು ಸಲವೂ ಹಾಗೇ ಮುಚ್ಚಿಕೊಂಡಳು. ಇನ್ನು ಸತ್ಯ ತಾನಾಗಿಯೇ ಹೊರಬರಲಿ, ಅವರು ಬೈದರೆ ಬೈಯಲಿ. ಬೈಯದೆ ಸುಮ್ಮನಾಗಿಬಿಟ್ಟರೆ ಏನು ಮಾಡಲಿ ಎಂಬುದೇ ಅವಳ ಭಯ.

ಬೆಲೆ ಕಟ್ಟಲು ಬಂದಾಕೆಯ ಹೆಸರು ಮೆರೆ. ಅರವತ್ತರ ಆಸುಪಾಸಿನ, ಈ ನೆಲದ ಮೂಲನಿವಾಸಿ ಮಾವೋರಿ ಹೆಂಗಸು, ಕೊರಳಲ್ಲಿ ಹಸಿರು ಕಲ್ಲಿನ ಪದಕ. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಪುಟ್ಟ ತಕ್ಕಡಿ, ಭೂತಗನ್ನಡಿ, ಆಸಿಡ್ಡಿನ ಸೀಸೆಗಳು, ನಮ್ಮ ಅಕ್ಕಸಾಲಿಗರ ಹತ್ತಿರ ಇರುವಂಥದೇ ಕಪ್ಪು ಒರೆಗಲ್ಲು ಜೋಡಿಸಿಟ್ಟುಕೊಂಡಳು. ಚಂದ್ರಮೌಳಿ ಅಂಕಲ್ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ನಲವತ್ತು ಪರ್ಸೆಂಟಿನ ವಿಷಯ ಎತ್ತಿದರು.

ಮೆರೆ ನಕ್ಕಳು. ಈ ದೇಶದಲ್ಲಿ ಸತ್ತವರ ಆಸ್ತಿಗೆ ಅಂಥ ತೆರಿಗೆಯೇ ಇಲ್ಲ, ತೊಂಬತ್ತೆರಡರಲ್ಲೇ ಅದನ್ನು ತೆಗೆದುಹಾಕಿದ್ದಾರೆ, ನಾನು ಬಂದಿರುವುದು ಬರೀ ಪಟ್ಟಿಗಾಗಿ ಎಂದಳು.

ಕೋಣೆಯೊಳಗೆ ಏಳು ಮನೆಯವರಿಗೂ ಹೋದ ಜೀವ ಬಂದಂತಾಯಿತು. ವಸುಂಧರಾ ಸಿಕ್ಕಿದ್ದೇ ಸಂದು ಎಂದು ಹಾರಿದಳು. "ಹಾಗಾದ್ರೆ ಇದೆಲ್ಲ ಯಾಕೆ? ಅವರವರ ಗಂಟು ಅವರವರು ತಗೊಂಡು ಹೋಗೋಣ. ಪಾಪ, ಅವರಿಗೂ ಶನಿವಾರ."

"ಹೌದೌದು" ಎಂದಳು ವಂದನಾ, ಬೇಕಾದ್ದಕ್ಕಿಂತ ಜೋರಾಗಿ. "ನಂಬಿಕೆ ಮುಖ್ಯ ಅಲ್ವಾ" ಎಂದರು ಚಂದ್ರಮೌಳಿಯವರ ಹೆಂಡತಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಇನ್ನೊಬ್ಬಾಕೆ ಆಗಲೇ ಕೈಚೀಲದ ಜಿಪ್ಪು ತೆರೆದಿದ್ದಳು. ಗಂಡಸರು ಒಪ್ಪಬೇಕಲ್ಲ. ತೆರಿಗೆಯ ವಿಷಯದಲ್ಲಿ ಮುಖಭಂಗವಾಗಿದ್ದ ಚಂದ್ರಮೌಳಿ ಅಂಕಲ್, "ಕ್ರಮ ಅಂದ್ರೆ ಕ್ರಮ. ಇನ್ಶೂರೆನ್ಸಿಗೂ ಆಗುತ್ತೆ" ಎಂದು ಕುರ್ಚಿ ಎಳೆದು ಮುಂದೆಯೇ ಕೂತರು.

ಮೊದಲ ಗಂಟು ಲೀಲಾ ಆಂಟಿಯದೇ. ನಾಲ್ಕು ಬಳೆ, ಎಲ್ಲ ಅಪ್ಪಟ. ಎರಡನೆಯದು ವಂದನಾಳ ಕಾಸಿನ ಸರ. ಮೆರೆ ಅದರ ಕೊಂಡಿಯನ್ನು ಭೂತಗನ್ನಡಿಯಲ್ಲಿ ನೋಡಿದಳು, ಕಲ್ಲಿಗೆ ಉಜ್ಜಿದಳು, ಇನ್ನೊಮ್ಮೆ ಒತ್ತಿ ಉಜ್ಜಿ ಆಸಿಡ್ಡಿನ ಹನಿ ಬಿಟ್ಟಳು. ಕಲ್ಲಿನ ಮೇಲಿದ್ದ ಹಳದಿ ಗೀಟು ಎಲ್ಲರೂ ನೋಡುತ್ತಿದ್ದಂತೆ ನೊರೆಯಾಗಿ ಮಾಯವಾಯಿತು. ಹಿತ್ತಾಳೆ, ಮೇಲೆ ಚಿನ್ನದ ನೀರು, ಎಂದಳು ಮೆರೆ.

"ಆಸಿಡ್ ಹಳೇದಿರ್ಬೇಕು" ಎಂದ ವಂದನಾಳ ಗಂಡ ಮಂಜುನಾಥ್.

"ಆಸಿಡ್ ಸರಿಯಾಗಿದೆ ರೀ" ಎಂದಳು ವಂದನಾ ನೆಲ ನೋಡುತ್ತ. "ಅಪ್ಪನ ಹಾರ್ಟ್ ಆಪರೇಷನ್ ಆಯ್ತಲ್ಲ, ಆಗ."

"ನನಗೆ ಹೇಳಿದ್ರೆ ನಾನು ಬೇಡ ಅಂತಿದ್ನಾ?"

"ಬೇಡ ಅಂತಿರ್ಲಿಲ್ಲ. ಸಾಲ ಮಾಡ್ತಿದ್ರಿ."

ಅಷ್ಟರಲ್ಲಿ ಮೂರನೆಯ ಗಂಟು ಬಿಚ್ಚಿಯಾಗಿತ್ತು. ಚಂದ್ರಮೌಳಿಯವರ ಮನೆಯ ಆರು ಬಳೆ. ಎರಡು ಚಿನ್ನ, ನಾಲ್ಕು ಹಿತ್ತಾಳೆ. ಅಂಕಲ್ ಮುಖ ಕೆಂಪಗಾಯಿತು. ಹೆಂಡತಿ ಮಾತ್ರ ಮಗನ ವಿಷಯದಲ್ಲಿ ಇಷ್ಟು ವರ್ಷ ಅದುಮಿಟ್ಟದ್ದನ್ನು ಒಂದೇ ಉಸಿರಿಗೆ ಹೇಳಿದರು.

"ರಕ್ಷಿತ್ ಡನೀಡಿನ್‌ನಲ್ಲಿ ಓದಿದ್ನಲ್ಲ, ಆ ಫೀಸು."

"ಅವನು ಸ್ಕಾಲರ್‌ಶಿಪ್‌ನಲ್ಲಿ ಓದಿದೋನು!"

"ಅರ್ಧ ಸ್ಕಾಲರ್‌ಶಿಪ್ ಬಂತು ಕಣ್ರೀ. ನೀವು ಊರಿಗೆಲ್ಲ ಪೂರ್ತಿ ಅಂತ ಹೇಳ್ಬಿಟ್ಟಿದ್ರಿ. ಇನ್ನರ್ಧ ನನ್ನ ಬಳೆ."

ಯಾರೋ ಕಿಸಕ್ಕನೆ ನಕ್ಕರು. ವಸುಂಧರೆಗೆ ನಗು ಬರಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಹಸಿರು ಕರವಸ್ತ್ರ ಮೇಜಿನ ಮೇಲೆ ಬಂತು. ತಿಪ್ಪೇಸ್ವಾಮಿ ಎದ್ದು ಬಗ್ಗಿ ನೋಡಿದ. ಸರವನ್ನು ಕಂಡದ್ದೇ ಅವನ ಕಣ್ಣು ತುಂಬಿತು. "ನಮ್ಮವ್ವಂದು" ಎಂದ ಮೆರೆಗೆ, ಕನ್ನಡದಲ್ಲೇ. ಒರೆಗಲ್ಲಿನ ಮೇಲೆ ಗೀಟು ಎಳೆದದ್ದು, ಹನಿ ಬಿದ್ದದ್ದು, ನೊರೆ ಎದ್ದದ್ದು ಅವನ ಮೂಗಿನಡಿಯೇ ನಡೆಯಿತು. ಮೆರೆ ಮೆಲ್ಲಗೆ ಹೇಳಿದಳು: ಹಿತ್ತಾಳೆ, ನಲವತ್ತು ಡಾಲರ್.

ತಿಪ್ಪೇಸ್ವಾಮಿ ಅಡುಗೆಮನೆ ದಾಟಿ ಹಿತ್ತಲಿನ ಮರದ ಡೆಕ್ಕಿಗೆ ಹೋಗಿಬಿಟ್ಟ. ವಸುಂಧರಾ ಹಿಂದೆಯೇ ಹೋದಳು. ಅವನು ಮೆಟ್ಟಿಲ ಮೇಲೆ ಕೂತು ನಿಂಬೆಗಿಡದ ಕಡೆ ನೋಡುತ್ತಿದ್ದ.

"ಯಾವಾಗ?"

"ಒಂಬತ್ತರ ಜುಲೈನಲ್ಲಿ."

"ಆ ಮೂರು ಕಂತು?"

"ಹ್ಞೂಂ."

ಅವನು ಬಹಳ ಹೊತ್ತು ಸುಮ್ಮನಿದ್ದ. ಇದಕ್ಕೇ ಅಲ್ಲವೇ ಅವಳು ಹೆದರಿದ್ದು. ಆಮೇಲೆ ತಟ್ಟನೆ ಅವಳ ಕಡೆ ತಿರುಗಿದ. "ಅಲ್ಲ ಕಣೆ, ಹದಿನೈದು ವರ್ಷದಿಂದ ಪ್ರತಿ ಯುಗಾದಿಗೂ ನಿಮ್ಮಣ್ಣಂಗೆ ಫೋನ್ ಮಾಡಿ, 'ಅವತ್ತು ನೀವಿಲ್ದಿದ್ರೆ ನಾವು ಬೀದಿಗೆ ಬೀಳ್ತಿದ್ವಿ' ಅಂತಿದ್ದೀನಲ್ಲೇ! ವರ್ಷಕ್ಕೆ ಎರಡು ಬಾಟ್ಲು ಆ ದುಬಾರಿ ಮನುಕಾ ಜೇನು ಬೇರೆ! ಆ ಮಹರಾಯ 'ಅಯ್ಯೋ, ಅದೆಲ್ಲ ಈಗ್ಯಾಕೆ ಬಿಡಿ' ಅಂತಾನೆ!"

"ಹಾಗನ್ನು ಅಂತ ನಾನೇ ಹೇಳ್ಕೊಟ್ಟಿದ್ದೆ ರೀ."

"ಜೇನು ನೆಕ್ಕು ಅಂತಾನೂ ನೀನೇ ಹೇಳ್ಕೊಟ್ಟಿದ್ದಾ?"

ಅವಳಿಗೆ ತಡೆಯಲಾಗಲಿಲ್ಲ, ನಕ್ಕಳು. ಅವನೂ ನಕ್ಕ. ನಗುತ್ತ ನಗುತ್ತಲೇ ಅವನ ಮುಖ ಮುದುಡಿತು, ಕನ್ನಡಕ ತೆಗೆದು ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡ.

"ನನಗ್ಯಾಕೆ ಹೇಳ್ಲಿಲ್ಲ ವಸು?"

"ಆಗ ನೀವು ಅಕ್ಕಪಕ್ಕದವ್ರಿಗೆ ಗೊತ್ತಾಗ್ಬಾರ್ದು ಅಂತ ದಿನಾ ಟೈ ಕಟ್ಕೊಂಡು ಲೈಬ್ರರಿಗೆ ಹೋಗ್ತಿದ್ರಿ. ಅತ್ತೆ ಸರ ಮಾರ್ದೆ ಅಂದಿದ್ರೆ ಅದೂ ನಿಂತು ಹೋಗೋದು. ಹಾಸಿಗೆಯಿಂದ ಏಳ್ತಿರ್ಲಿಲ್ಲ ನೀವು." ಅವಳೂ ನಿಂಬೆಗಿಡದ ಕಡೆಗೆ ತಿರುಗಿದಳು. "ಅತ್ತೆಗೆ ಮೋಸ ಮಾಡ್ದೆ ಅನ್ನಿಸುತ್ತೆ. ಮಾನ್ಯಂಗೆ ಕೊಡೋಕೆ ಏನೂ ಉಳೀಲಿಲ್ಲ."

"ಏನೂ ಉಳೀಲಿಲ್ವಾ?" ಎಂದ ತಿಪ್ಪೇಸ್ವಾಮಿ. "ಅವ್ವನ ಸರ ಎಲ್ಲೂ ಹೋಗಿಲ್ಲ ಕಣೆ. ಹದಿನೈದು ವರ್ಷದಿಂದ ಅದರೊಳಗೇ ಅಡುಗೆ ಮಾಡ್ಕೊಂಡು ಉಂಡು ಮಲಗ್ತಿದ್ದೀವಿ. ಮಾನ್ಯ ಬೆಳೆದದ್ದೂ ಅದರೊಳಗೇ."

ವಸುಂಧರಾ ಅವನ ಪಕ್ಕದಲ್ಲಿ ಕೂತು ಜೋರಾಗಿ ಅತ್ತಳು. ಎಷ್ಟು ಹಗುರವೆನಿಸಿತೆಂದರೆ, ಎದೆಯ ಮೇಲಿದ್ದದ್ದು ಹಿತ್ತಾಳೆಯಲ್ಲ, ಬೀಸುವ ಕಲ್ಲಾಗಿತ್ತು ಎಂದು ಆಗಲೇ ಗೊತ್ತಾಯಿತು.

ಒಳಗಿನಿಂದ ಗದ್ದಲ ಕೇಳಿಸಿತು. ಕಣ್ಣೊರೆಸಿಕೊಂಡು ಬಂದು ನೋಡಿದರೆ ಐದನೆಯ ಗಂಟೂ ಹಿತ್ತಾಳೆಯಂತೆ. ಕೊನೆಯ ಮೂರು ಮಾತ್ರ ಅಪ್ಪಟ. ಅವುಗಳ ಒಡತಿಯರು ತಮ್ಮದೇನೋ ತಪ್ಪಾಯಿತೆಂಬಂತೆ ಮೂಲೆಯಲ್ಲಿ ನಿಂತಿದ್ದರು. ಉಳಿದವರು ವಸುಂಧರೆಯ ಸರದ ಸುತ್ತ ಮುಗಿಬಿದ್ದಿದ್ದರು. "ಇದೆಲ್ಲಿ ಮಾಡ್ಸಿದ್ದು ವಸುಂಧರಾ? ಬಣ್ಣವೇ ಹೋಗಿಲ್ಲವಲ್ಲೇ!" ಎಂದಳು ವಂದನಾ. ಲೀಲಾ ಆಂಟಿಗೆ ಎಲ್ಲ ಗೊತ್ತಿತ್ತು ಎಂಬುದು ಆಗ ಹೊರಬಿತ್ತು. ಆಕ್ಲೆಂಡಿನಲ್ಲಿ ನಾಲ್ವರೂ ಅವರೊಬ್ಬರಿಗೇ ಹೇಳಿದ್ದರು. ಅವರು ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಹೇಳದೆ, ಹಿತ್ತಾಳೆಯನ್ನೂ ಚಿನ್ನದಷ್ಟೇ ಜೋಪಾನವಾಗಿ ಬೀಗ ಹಾಕಿ ಕಾದಿದ್ದರು. ಯಶಸ್ ಖಾಲಿ ತಿಜೋರಿಯ ಮುಂದೆ ನಿಂತು, "ದಟ್ಸ್ ಮೈ ಮಮ್" ಎಂದ. ಚಂದ್ರಮೌಳಿ ಅಂಕಲ್ ಎದ್ದು ಹೋಗಿ ಹೆಂಡತಿಗೆ ಒಂದು ಲೋಟ ಕಾಫಿ ತಂದುಕೊಟ್ಟರು. ಮದುವೆಯಾದಂದಿನಿಂದ ಅದೇ ಮೊದಲು ಎಂದು ಆಕೆ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಮೆರೆ ಒಂದು ಕಾಗದ ಮುಂದಿಟ್ಟಳು. ಅವಲಕ್ಕಿ ನಮೂನೆಯ ಸರ ಒಂದು, ಹಿತ್ತಾಳೆ, ನಲವತ್ತು ಡಾಲರ್. ಅದರ ಪಕ್ಕದಲ್ಲಿ ಒಡೆಯರ ಹೆಸರಿಗೆ ಖಾಲಿ ಜಾಗ. ವಸುಂಧರಾ ಪೆನ್ನು ಹಿಡಿದು ತಡೆದಳು. ಮೂವತ್ತು ವರ್ಷದಿಂದ ಅದು ಅವ್ವನ ಸರ. ಒಮ್ಮೆಯೂ ತನ್ನದೆಂದು ಅವಳು ಅಂದಿರಲಿಲ್ಲ, ಯಾರೂ ಅನ್ನಿಸಿರಲಿಲ್ಲ.

"ಯಾರ ಹೆಸರು ಬರೀಲಿ?" ಎಂದು ಗಂಡನನ್ನು ಕೇಳಿದಳು.

"ನಿಂದೇ ಬರಿ" ಎಂದ ತಿಪ್ಪೇಸ್ವಾಮಿ. "ಮಾನ್ಯ ಹಾಕ್ಕೊಳ್ಳೋದು ಅವರಮ್ಮನ ಸರ."

ಅವಳು ತನ್ನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದಳು.